ದಾಳಕ್ಕೆ ಕಿವಿ ಇಲ್ಲ ಕಣ್ರೀ

"ಇನಿಶಿಯೇಟಿವ್ ರೋಲ್ ಮಾಡಿ" ಅಂತ ಡಿಎಂ ಹೇಳಿದ ತಕ್ಷಣ ನಮ್ಮ ಮೇಜಿನ ಮೇಲೆ ಇಪ್ಪತ್ತು ಮುಖದ ಐದು ದಾಳಗಳು ಉರುಳುತ್ತವೆ. ಅದಾಗಿ ಎರಡು ನಿಮಿಷಕ್ಕೆ ಐದರಲ್ಲಿ ನಾಲ್ಕು ಫೋನುಗಳು ಜೇಬಿನಿಂದ ಹೊರಗೆ ಬಂದಿರುತ್ತವೆ. ಐದು ವರ್ಷದಿಂದ ನೋಡ್ತಾ ಇದ್ದೇನೆ. ಗುಹೆಯ ಬಾಗಿಲಲ್ಲಿ ನಿಂತು ಒಳಗೆ ಹೋಗೋದಾ ಬೇಡ್ವಾ ಅಂತ ಚರ್ಚೆ ಮಾಡುವಾಗ ಯಾರೂ ಫೋನ್ ಮುಟ್ಟುವುದಿಲ್ಲ. ಊರಿನ ಯಜಮಾನನಿಗೆ ಸುಳ್ಳು ಹೇಳುವಾಗ ಮುಟ್ಟುವುದಿಲ್ಲ. ಇಡೀ ಕತೆಯಲ್ಲಿ ಪ್ರಾಣ ಹೋಗುವ ಸಾಧ್ಯತೆ ಇರುವ ಜಾಗ ಅಂದ್ರೆ ಯುದ್ಧ. ಅಲ್ಲೇ ಎಲ್ಲರೂ ಇನ್‌ಸ್ಟಾಗ್ರಾಂ ನೋಡುತ್ತಾ ಕೂರುತ್ತಾರೆ. ಇದಕ್ಕೆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ತಪ್ಪು ನಿಯಮದ್ದು.

ಡಂಜನ್ಸ್ ಅಂಡ್ ಡ್ರಾಗನ್ಸ್ ಗೊತ್ತಿಲ್ಲದವರಿಗೆ ಎರಡೇ ಮಾತು. ಐದಾರು ಜನ ಮೇಜಿನ ಸುತ್ತ ಕೂತು ಆಡುವ ಕತೆಯ ಆಟ ಇದು. ಒಬ್ಬೊಬ್ಬರದ್ದು ಒಂದೊಂದು ಪಾತ್ರ: ಒಬ್ಬ ಕತ್ತಿ ಹಿಡಿದವನು, ಒಬ್ಬಳು ಮಂತ್ರವಾದಿ, ಒಬ್ಬ ಕಳ್ಳ. (ಕಳ್ಳನಿಗೆ ಇಂಗ್ಲಿಷಿನಲ್ಲಿ ರೋಗ್ ಅಂತಾರೆ. ನಮ್ಮ ಗುಂಪಿನ ರೋಗ್‌ನನ್ನು ನಾವು ರೋಗ ಅಂತಲೇ ಕರೆಯೋದು, ಅವನು ಅದಕ್ಕೆ ಯೋಗ್ಯ.) ಇನ್ನೊಬ್ಬ ಡಂಜನ್ ಮಾಸ್ಟರ್, ಅಂದ್ರೆ ಡಿಎಂ. ರಾಕ್ಷಸರು, ಮಳೆ, ಹಾಳುಗುಡಿ, ಹೋಟೆಲ್ ಯಜಮಾನ, ಉಳಿದ ಪ್ರಪಂಚವೆಲ್ಲ ಅವನೇ. ಕಾದಾಟ ಶುರುವಾದರೆ ಪ್ರತಿಯೊಬ್ಬರೂ ಒಂದು ದಾಳ ಉರುಳಿಸಿ, ಬಂದ ಸಂಖ್ಯೆಗೆ ತಮ್ಮ ಪಾತ್ರದ ಡೆಕ್ಸ್‌ಟೆರಿಟಿ, ಅಂದ್ರೆ ಚುರುಕುತನದ ಅಂಕ ಕೂಡಿಸಬೇಕು. ಹೆಚ್ಚು ಬಂದವನಿಗೆ ಮೊದಲ ಪಾಳಿ, ಕಡಿಮೆ ಬಂದವನಿಗೆ ಕೊನೆ. ಆ ಪಟ್ಟಿ ಒಮ್ಮೆ ಬರೆದರೆ ಮುಗೀತು, ಕಾದಾಟ ಮುಗಿಯುವ ತನಕ ಅದೇ ಸುತ್ತು. ಇದೇ ಇನಿಶಿಯೇಟಿವ್.

ಬ್ಯಾಂಕಿನ ಟೋಕನ್ ವ್ಯವಸ್ಥೆಗೂ ಇದಕ್ಕೂ ಇರುವ ವ್ಯತ್ಯಾಸ ಹೇಳಿ ನೋಡೋಣ. ಬ್ಯಾಂಕಿನಲ್ಲಿ ಮೊದಲು ಬಂದವರಿಗೆ ಮೊದಲ ನಂಬರು, ಅಷ್ಟಾದರೂ ನ್ಯಾಯ ಇದೆ.

ಲೆಕ್ಕ ನೋಡಿ. ನಾವು ಐದು ಜನ ಆಟಗಾರರು. ಒಬ್ಬೊಬ್ಬರಿಗೆ ಮೂರು ನಿಮಿಷ, ರಾಕ್ಷಸರ ಪಡೆ ನಡೆಸುವ ಡಿಎಂಗೆ ಐದು ನಿಮಿಷ. ನನ್ನ ಪಾಳಿ ಮುಗಿದ ಮೇಲೆ ಮತ್ತೆ ಬರಲು ಹದಿನೇಳು ನಿಮಿಷ. ಕತೆಯೊಳಗೆ ಆ ಒಂದು ಸುತ್ತಿಗೆ ಹಿಡಿಯುವುದು ಎಷ್ಟು ಗೊತ್ತಾ? ಆರು ಸೆಕೆಂಡು. ನಿಯಮ ಪುಸ್ತಕದಲ್ಲೇ ಹಾಗಿದೆ. ಆರು ಸೆಕೆಂಡಿನ ಹೊಡೆದಾಟದಲ್ಲಿ ನಾನು ಹದಿನೇಳು ನಿಮಿಷ ಕಂಬದ ಹಾಗೆ ನಿಂತಿರುತ್ತೇನೆ. ಈ ನಡುವೆ ಯಾರು ಏನು ಮಾಡಿದರೂ, ನನ್ನ ಗೆಳೆಯನ ತಲೆ ಒಡೆದರೂ, ನನ್ನನ್ನೇ ಬೈದರೂ ನನ್ನ ಪಾಳಿ ಒಂದಿಂಚು ಮುಂದೆ ಬರುವುದಿಲ್ಲ. ಹಾಗಿದ್ದ ಮೇಲೆ ಯಾಕೆ ಕೇಳಿಸಿಕೊಳ್ಳಬೇಕು? ಫೋನ್ ತೆಗೆಯೋದೇ ಬುದ್ಧಿವಂತಿಕೆ.

ಅದರಲ್ಲೂ ಈ ಚುರುಕುತನಕ್ಕೆ ಕೊಟ್ಟಿರುವ ಮರ್ಯಾದೆ ನನಗೆ ಸುತಾರಾಂ ಹಿಡಿಸುವುದಿಲ್ಲ. ಬಾಣ ಬಿಡೋಕೂ ಅದೇ, ಪೆಟ್ಟು ತಪ್ಪಿಸಿಕೊಳ್ಳೋಕೂ ಅದೇ, ಅಡಗಿ ಕೂರೋಕೂ ಅದೇ, ಮೊದಲ ಪಾಳಿಗೂ ಅದೇ. ನಮ್ಮ ಗುಂಪಿನಲ್ಲಿ ಹಾಸನದ ಹುಡುಗಿಯೊಬ್ಬಳಿದ್ದಾಳೆ, ಟೆಸ್ಟಿಂಗ್ ಕೆಲಸ. ಅವಳ ಪಾತ್ರ ಕಬ್ಬಿಣದ ಕವಚ ತೊಟ್ಟ ಒಬ್ಬ ಕುಳ್ಳ ಡ್ವಾರ್ಫ್. ಚುರುಕುತನ ಮೈನಸ್ ಒಂದು. ರೋಗನದ್ದು ಪ್ಲಸ್ ನಾಲ್ಕು. ಇಬ್ಬರೂ ದಾಳ ಹಾಕಿದರೆ ಡ್ವಾರ್ಫ್ ರೋಗನಿಗಿಂತ ಮುಂದೆ ಬರುವ ಸಾಧ್ಯತೆ ನೂರಕ್ಕೆ ಇಪ್ಪತ್ತಾರು. ನಾಲ್ಕು ಕಾದಾಟದಲ್ಲಿ ಮೂರು ಸಲ ಅವಳ ಪಾಳಿ ಬರುವ ಹೊತ್ತಿಗೆ ರೋಗ ಮುಖ್ಯವಾದವನನ್ನು ಮುಗಿಸಿ, "ಇನ್ನು ಉಳಿದಿದ್ದು ನೋಡ್ಕೊ" ಅಂತ ಕಾಫಿ ತರೋಕೆ ಹೋಗಿರುತ್ತಿದ್ದ. ಅವಳು ಆಟದಲ್ಲಿ ಆಡುತ್ತಿದ್ದ ಮಾತು ಸುಮಾರಾಗಿ ಎರಡೇ: "ಹೊಡೀತೀನಿ", "ಹದಿಮೂರು, ತಗುಲ್ತಾ?"

ಇದು ಆಟದ ಜೊತೆ ಹುಟ್ಟಿಬಂದ ಶಾಸನ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಗೈಗ್ಯಾಕ್ಸ್ ಮತ್ತು ಆರ್ನೆಸನ್ 1974ರಲ್ಲಿ ಈ ಆಟ ಪ್ರಕಟಿಸಿದಾಗ ಅದು ಮಣ್ಣಿನ-ಸೀಸದ ಸೈನಿಕರ ಗೊಂಬೆ ಇಟ್ಟು ಆಡುವ ಯುದ್ಧದಾಟದ ಮಗು. 1981ರ ಪುಸ್ತಕದಲ್ಲಿ ಪಕ್ಷಕ್ಕೊಂದೇ ಆರು ಮುಖದ ದಾಳ, ಗೆದ್ದ ಪಕ್ಷದವರೆಲ್ಲ ಮೊದಲು. 1989ರಲ್ಲಿ ಹತ್ತು ಮುಖದ ದಾಳ, ಕಡಿಮೆ ಬಿದ್ದವನೇ ಮುಂದೆ. ಈಗಿನ ಪದ್ಧತಿ, ಇಪ್ಪತ್ತು ಮುಖ ಮತ್ತು ಬದಲಾಗದ ಸುತ್ತು, 2000ನೇ ಇಸವಿಯ ಮೂರನೇ ಆವೃತ್ತಿಯಲ್ಲಿ ಗಟ್ಟಿಯಾಗಿದ್ದು. 2014ರಲ್ಲೂ ಅದೇ ಉಳಿಯಿತು, ನಮ್ಮಂಥವರೆಲ್ಲ ಆಟ ಕಲಿತದ್ದು ಆ ಪುಸ್ತಕದಿಂದ. ಅಂದರೆ ನಾವು ಸನಾತನ ಅಂತ ನಂಬಿರುವ ಈ ಸಾಲು ಹಚ್ಚುವ ಕ್ರಮಕ್ಕೆ ನಮಗಿಂತ ಕಡಿಮೆ ವಯಸ್ಸು.

ನನಗೆ ಇದರ ಮೇಲೆ ಸಿಟ್ಟು ಬರಲು ಕಾರಣವಾಗಿದ್ದು ಮಾತ್ರ ಪುಸ್ತಕ ಅಲ್ಲ, ಸಿದ್ದಾಪುರದ ಮಳೆ.

2022ರ ಮಳೆಗಾಲ. ಆಫೀಸಿನವರು ಇನ್ನೂ ವಾಪಸ್ ಕರೆದಿರಲಿಲ್ಲ. ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆ ಇರುವುದು ಅಡಿಕೆ ತೋಟದ ತಲೆಯಲ್ಲಿ. ನೆಟ್‌ವರ್ಕ್ ಬೇಕು ಅಂದ್ರೆ ಮನೆ ಹಿಂದಿನ ಬೆಟ್ಟ ಹತ್ತಬೇಕು, ಇಲ್ಲಾ ಜಗಲಿಯ ಒಂದು ನಿರ್ದಿಷ್ಟ ಮೂಲೆಯಲ್ಲಿ ಅಲ್ಲಾಡದೆ ಕೂರಬೇಕು. ಶನಿವಾರ ರಾತ್ರಿ ಆ ಮೂಲೆಯಿಂದ ನಾನು ಆಟಕ್ಕೆ ಕೂರುತ್ತಿದ್ದೆ. ಹದಿನೇಳು ನಿಮಿಷ ಕಾದು ಕಾದು, "ಈಗ ನಿನ್ನ ಟರ್ನ್" ಅಂತ ಡಿಎಂ ಅಂದ ಕೂಡಲೇ ಕರೆಂಟು ಹೋಗುತ್ತಿತ್ತು. ಕರೆಂಟು ಬಂದಾಗ ನನ್ನ ಪಾಳಿ ದಾಟಿಸಿ ಮುಂದೆ ಹೋಗಿರುತ್ತಿದ್ದರು. ಮೂರು ಶನಿವಾರ ಹೀಗೇ ಆಯಿತು. ನಾಲ್ಕನೇ ಶನಿವಾರ ದೊಡ್ಡಪ್ಪ ಕವಳ ಹಾಕುತ್ತಾ ಪಕ್ಕದಲ್ಲಿ ಬಂದು ಕೂತ. ನನ್ನ ಕೈಯಲ್ಲಿದ್ದ ದಾಳ ನೋಡಿ ಕೇಳಿದ, "ಅಪ್ಪಿ, ಎಂತದ ಅದು, ಪಗಡೆಯನ?"

ಹೇಳಿದೆ. ದೊಡ್ಡಪ್ಪ ಹವ್ಯಾಸಿ ಭಾಗವತ. ದೊಡ್ಡ ಹೆಸರೇನಿಲ್ಲ, ಸುತ್ತಲಿನ ಊರುಗಳಲ್ಲಿ ಮಳೆಗಾಲದ ತಾಳಮದ್ದಳೆ ಇದ್ದರೆ ಕರೆಯುತ್ತಾರೆ, ಹೋಗಿ ಪದ್ಯ ಹೇಳಿ ಬರುತ್ತಾನೆ. ಪೂರ್ತಿ ಕೇಳಿಸಿಕೊಂಡ. "ಮೊದ್ಲು ಹೊಡೆಯದು ಯಾರು ಹೇಳಿ ದಾಳ ಹಾಕದಾ?" ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಸಿಟ್ಟು ಯಾರಿಗೆ ಬಂಜು ಹೇಳಿ ನೋಡದೇ ಇಲ್ಯಾ?" ಅಂತ ಕೇಳಿದ. ಸಿಟ್ಟು ಯಾರಿಗೆ ಬಂದಿದೆ ಅಂತ ನೋಡುವುದೇ ಇಲ್ಲವಾ?

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಸಿಟ್ಟಿಗೆ ಅಂಕ ಇಲ್ಲ.

ಅದೇ ವಾರ ಪಕ್ಕದ ಕೇರಿಯ ಒಂದು ಮನೆಯ ಚಾವಡಿಯಲ್ಲಿ ವಾಲಿಮೋಕ್ಷದ ತಾಳಮದ್ದಳೆ. ನೆಟ್‌ವರ್ಕ್ ಇರಲಿಲ್ಲವಾದ್ದರಿಂದ ಹೋದೆ, ಸುಳ್ಳು ಯಾಕೆ ಹೇಳಲಿ. ಬಯಲುಸೀಮೆಯ ಓದುಗರಿಗೆ ಸ್ವಲ್ಪ ಹೇಳಬೇಕು. ಯಕ್ಷಗಾನಕ್ಕೆ ನಮ್ಮ ಕಡೆ 'ಆಟ' ಅಂತಾರೆ, ವೇಷ ಕುಣಿತ ಎಲ್ಲ ಇರುವುದು ಅದು. ತಾಳಮದ್ದಳೆ 'ಕೂಟ'. ವೇಷ ಇಲ್ಲ, ಕುಣಿತ ಇಲ್ಲ. ಭಾಗವತ ತಾಳ ಹಿಡಿದು ಪದ್ಯ ಹೇಳುತ್ತಾನೆ, ಮದ್ದಳೆ-ಚಂಡೆ ಇರುತ್ತದೆ, ಎರಡೂ ಕಡೆ ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತಿರುತ್ತಾರೆ. ಪದ್ಯ ಮುಗಿದ ಮೇಲೆ ಆ ಪಾತ್ರದ ಅರ್ಥಧಾರಿ ಮಾತಾಡಬೇಕು. ಬರೆದಿಟ್ಟ ಮಾತಲ್ಲ, ಅಲ್ಲೇ ಹುಟ್ಟಿದ್ದು. ಯುದ್ಧ ಕೂಡ ಮಾತಿನಲ್ಲೇ. ಅಂದ್ರೆ ಮೇಜಿನ ಸುತ್ತ ಕೂತು, ವೇಷವಿಲ್ಲದೆ, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ಒಬ್ಬ ನಡೆಸುವವನ ಕೈಕೆಳಗೆ ರಾಕ್ಷಸರ ಜೊತೆ ಹೊಡೆದಾಡುವ ಆಟ. ವಿಸ್ಕಾನ್ಸಿನ್‌ನವರು 1974ರಲ್ಲಿ ಕಂಡುಹಿಡಿದರು ಅಂತ ನಾವು ಅಂದುಕೊಂಡಿದ್ದೇವಲ್ಲ, ಅದೇ. ಏನು ದಾಳವೊಂದಿಲ್ಲ.

ದಾಳ ಇಲ್ಲದೆ ಪಾಳಿ ಹೇಗೆ ಗೊತ್ತಾಗುತ್ತದೆ? ಆವತ್ತು ರಾತ್ರಿ ನಾನು ಅರ್ಥಕ್ಕಿಂತ ಹೆಚ್ಚು ಅದನ್ನೇ ಗಮನಿಸುತ್ತಾ ಕೂತೆ. ಪದ್ಯಗಳ ಸಾಲು ಪ್ರಸಂಗ ಬರೆದವನು ಕೊಟ್ಟಿದ್ದಾನೆ, ನಿಜ. ಆದರೆ ಯಾವ ಪದ್ಯ ಎತ್ತಬೇಕು, ಯಾವುದು ಬಿಡಬೇಕು, ಯಾವಾಗ ಎತ್ತಬೇಕು ಅನ್ನೋದು ಭಾಗವತನ ಕೈಯಲ್ಲಿದೆ. ಸುಗ್ರೀವ ಗುಹೆಯ ಮುಂದೆ ನಿಂತು ಕರೆದ. ಕರೆ ತಾಗಿದ್ದು ವಾಲಿಗೆ, ಆದ್ದರಿಂದ ವಾಲಿಯ ಪದ್ಯ. ವಾಲಿ ಎದ್ದು ಹೊರಟ. ಅದು ತಾಗಿದ್ದು ತಾರೆಗೆ, ಆದ್ದರಿಂದ ತಾರೆಯ ಪದ್ಯ. ಪ್ರತಿ ಮಾತಿಗೂ ಒಂದು ವಿಳಾಸ ಇರುತ್ತದೆ, ಪಾಳಿ ಆ ವಿಳಾಸಕ್ಕೆ ಹೋಗುತ್ತದೆ. ಮನೆಗೆ ಬರುವಾಗ ಟಾರ್ಚ್ ಬೆಳಕಿನಲ್ಲಿ ಉಂಬಳ ನೋಡಿಕೊಂಡು ನಡೆಯುತ್ತಾ ದೊಡ್ಡಪ್ಪನನ್ನು ಕೇಳಿದ್ದಕ್ಕೆ ಅವನು ಹೇಳಿದ್ದು ಒಂದೇ ವಾಕ್ಯ: "ಪದ್ಯ ಯಾರಿಗೆ ತಾಗ್ತೋ ಅವ ಮಾತಾಡವು." ತಾಗಿದವನು ಮಾತಾಡಬೇಕು. ಅಷ್ಟೇ. ಅದಕ್ಕೇ ಅಲ್ಲಿ ಕೂತ ಯಾರೂ ಫೋನ್ ನೋಡುತ್ತಿರಲಿಲ್ಲ, ನೆಟ್‌ವರ್ಕ್ ಇಲ್ಲದ್ದು ಒಂದು ಕಾರಣ ಬಿಡಿ, ಆದರೆ ರಾಮನ ಅರ್ಥಧಾರಿ ವಾಲಿಯ ಒಂದು ಶಬ್ದ ತಪ್ಪಿಸಿಕೊಂಡರೂ ಮರುಕ್ಷಣ ಬೆತ್ತಲಾಗುತ್ತಾನೆ. ಅವನ ಪಾಳಿಯ ಬಂಡವಾಳವೇ ಎದುರಿನವನ ಮಾತು.

ವಾಲಿಮೋಕ್ಷ ಅಂದರೆ, ನಮ್ಮ ಆಟದ ಭಾಷೆಯಲ್ಲಿ, ಪಾಳಿಯ ಕುರಿತಾದ ಜಗಳ. ಒಮ್ಮೆ ಹೀಗೆ ನೋಡಿ. ವಾಲಿ ಕಾದುತ್ತಿದ್ದುದು ಸುಗ್ರೀವನ ಜೊತೆ. ರಾಮ ಆ ಕಾಳಗದ ಪಟ್ಟಿಯಲ್ಲೇ ಇಲ್ಲ. ಮರದ ಮರೆಯಿಂದ ಬಾಣ ಬಂತು. ಮೊದಲ ಸಲ ಅಣ್ಣ ಯಾರು ತಮ್ಮ ಯಾರು ಗೊತ್ತಾಗದೆ ರಾಮ ಬಾಣವನ್ನೇ ಬಿಡಲಿಲ್ಲ, ಎರಡನೇ ಸಲ ಸುಗ್ರೀವನ ಕೊರಳಿಗೆ ಮಾಲೆ ಹಾಕಿ ಕಳಿಸಬೇಕಾಯಿತು. ನಮ್ಮ ಪುಸ್ತಕದ ಪ್ರಕಾರ ಇದು 'ಸರ್ಪ್ರೈಸ್'. 2014ರ ನಿಯಮದಲ್ಲಿ ಅಂಥವನಿಗೆ ಮೊದಲ ಸುತ್ತಿನಲ್ಲಿ ಪಾಳಿಯೇ ಇಲ್ಲ. 2024ರ ಹೊಸ ಪುಸ್ತಕದಲ್ಲಿ ಸ್ವಲ್ಪ ದಯೆ ತೋರಿಸಿ, ಎರಡು ದಾಳ ಹಾಕಿ ಕಡಿಮೆ ಬಂದದ್ದನ್ನು ಇಟ್ಟುಕೋ ಅಂದಿದ್ದಾರೆ. ಎರಡರಲ್ಲೂ ಮುಗಿದ ಮೇಲೆ ವಾಲಿಯ ಪ್ರಾಣದ ಅಂಕ ಸೊನ್ನೆ. ಸೊನ್ನೆಗೆ ಬಿದ್ದವನ ಪಾಳಿ ಬಂದಾಗ ಅವನಿಗೆ ಉಳಿದಿರುವ ಕೆಲಸ ಒಂದೇ, ಸಾವಿನ ದಾಳ ಹಾಕುವುದು. ಹತ್ತು ಅಥವಾ ಮೇಲೆ ಬಂದರೆ ಬದುಕಿನ ಕಡೆ ಒಂದು ಗೀಟು, ಕೆಳಗೆ ಬಂದರೆ ಸಾವಿನ ಕಡೆ ಒಂದು ಗೀಟು. ಮೂರು ಗೀಟಾದರೆ ಮುಗೀತು. ಮಾತಿಲ್ಲ.

ತಾಳಮದ್ದಳೆಯಲ್ಲಿ? ಬಾಣ ತಾಗಿದ ಮೇಲೆ ವಾಲಿಯ ನಿಜವಾದ ಪಾಳಿ ಶುರು. ಬಾಣ ಎದೆಗೆ ನೆಟ್ಟಿರುವಾಗಲೇ ಅವನು ಎರಡು ತಾಸು ಮಾತಾಡುತ್ತಾನೆ. ನಿನಗೂ ನನಗೂ ಏನು ಹಗೆ, ಎದುರು ನಿಂತು ಯಾಕೆ ಕರೆಯಲಿಲ್ಲ, ಮರದ ಹಿಂದೆ ನಿಂತದ್ದು ಯಾವ ಧರ್ಮ ಅಂತ ಕೇಳುತ್ತಾನೆ. ರಾಮನಾದವನು ಅಷ್ಟಕ್ಕೂ ಉತ್ತರ ಕೊಡಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ಎದುರಿನ ರಾಮನಿಗೆ ಬೆವರು ಬರುತ್ತಿತ್ತು ಅಂತ ನಮ್ಮ ಹಿರಿಯರು ಇವತ್ತಿಗೂ ಹೇಳುತ್ತಾರೆ. ಬಿದ್ದವನ ಪಾಳಿ ಕಿತ್ತುಕೊಳ್ಳುವುದು, ಬಿದ್ದವನಿಗೇ ದೊಡ್ಡ ಪಾಳಿ ಕೊಡುವುದು: ಈ ಎರಡು ಆಟಗಳಲ್ಲಿ ಯಾವುದು ಕತೆ, ಯಾವುದು ಲೆಕ್ಕಪತ್ರ, ನೀವೇ ಹೇಳಿ.

ಮಹಾಭಾರತದ ಉದಾಹರಣೆ ಬೇಕಾ? ಕರ್ಣಾರ್ಜುನ ಕಾಳಗ ತಗೊಳ್ಳಿ. ಸರ್ಪಾಸ್ತ್ರ ಅರ್ಜುನನ ಕಿರೀಟ ಹಾರಿಸಿ ವಾಪಸ್ ಬಂದು, "ಇನ್ನೊಮ್ಮೆ ಹೂಡು" ಅಂತ ಬೇಡಿದಾಗ ಕರ್ಣ ಒಲ್ಲೆ ಅನ್ನುತ್ತಾನೆ. ರೀ-ರೋಲ್ ಬೇಡ ಅಂದ ಜಗತ್ತಿನ ಏಕೈಕ ಆಟಗಾರ! ಮುಂದೆ ರಥದ ಚಕ್ರ ನೆಲಕ್ಕೆ ಕಚ್ಚಿದಾಗ ಅವನು ಕೇಳುವುದೂ ಅದನ್ನೇ: ಸ್ವಲ್ಪ ತಾಳು, ಇದು ನನ್ನ ಪಾಳಿ ಅಲ್ಲ. ಆಗ ಕೃಷ್ಣ ಕೊಡುವ ಉತ್ತರ ಹಳೆಯ ಲೆಕ್ಕದ್ದು, ದ್ರೌಪದಿಯ ಸೀರೆಗೆ ಕೈ ಹಾಕಿದಾಗ ಎಲ್ಲಿತ್ತು ನಿನ್ನ ಧರ್ಮ ಅಂತ. ಪಾಳಿಯ ಪ್ರಶ್ನೆಗೆ ಇಡೀ ಕತೆ ಎದ್ದು ಬಂದು ಸಾಕ್ಷಿ ಹೇಳುತ್ತದೆ. ನಮ್ಮ ಮೇಜಿನಲ್ಲಿ ಆಗಿದ್ದರೆ? "ಕರ್ಣಂಗೆ ಎಂಟು ಬಿತ್ತು, ಅರ್ಜುನಂಗೆ ಹದಿನೇಳು, ನೆಕ್ಸ್ಟ್." ದಾಳದಿಂದ ಎಲ್ಲವನ್ನೂ ತೀರ್ಮಾನ ಮಾಡಬಹುದು ಅಂತ ಆ ಕತೆಯಲ್ಲಿ ನಂಬಿದವನು ಶಕುನಿ ಮಾತ್ರ.

ಇಷ್ಟನ್ನೆಲ್ಲ ಬೆಂಗಳೂರಿಗೆ ಬಂದ ಮೇಲೆ ಗುಂಪಿನ ಮುಂದೆ ಭಾಷಣ ಮಾಡಿದೆ. ಎಲ್ಲರಿಗಿಂತ ಮೊದಲು ವಿರೋಧಿಸಿದ್ದು, ನಾನು ಯಾರ ಪರವಾಗಿ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆನೋ ಆ ಹಾಸನದ ಹುಡುಗಿಯೇ.

"ನಂಗೆ ದಾಳವೇ ಇರಲಿ," ಅಂದಳು. "ಕೊನೆಗಾದ್ರೂ ಬರತ್ತಲ್ಲ. ದಾಳಕ್ಕೆ ನಾನ್ಯಾರು ಅಂತ ಗೊತ್ತಿಲ್ಲ. ನೀನು ಹೇಳೋ ಭಾಗವತನಿಗೆ ಗೊತ್ತಿರತ್ತೆ. ನಮ್ಮ ಆಫೀಸಿನ ಸ್ಟ್ಯಾಂಡಪ್ ಮೀಟಿಂಗಲ್ಲಿ ದಾಳ ಇಲ್ಲ, ಮ್ಯಾನೇಜರ್ ಇದಾರೆ. ಕತೆ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಅವ್ರೇ ಪಾಳಿ ಕೊಡ್ತಾರೆ. ಹದಿನೈದು ನಿಮಿಷದ ಮೀಟಿಂಗಲ್ಲಿ ಯಾರ ಪಾಳಿ ಬರೋದೇ ಇಲ್ಲ ಅಂತ ಹೇಳ್ಲಾ?"

ಸುಮ್ಮನಾದೆ. ಯಾಕೆಂದರೆ ಅವಳು ಹೇಳಿದ್ದು ನನಗೆ ಗೊತ್ತಿತ್ತು, ಅವಳಿಗಿಂತ ಮೊದಲೇ.

ನನಗೆ ಹದಿನಾರು ವರ್ಷ. ಯಲ್ಲಾಪುರದ ಹತ್ತಿರ ಸೋದರಮಾವನ ಮನೆಯಲ್ಲಿ ಇದೇ ವಾಲಿಮೋಕ್ಷ. ಹುಡುಗ ಹುಮ್ಮಸ್ಸಿನಲ್ಲಿದ್ದಾನೆ ಅಂತ ಅಂಗದನ ಅರ್ಥ ನನಗೆ ಕೊಟ್ಟಿದ್ದರು. ಸಾಯುವ ಅಪ್ಪನ ಮುಂದೆ ನಿಂತು ಮಾತಾಡಬೇಕಾದ ಮಗ. ಒಂದು ವಾರ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಅಭ್ಯಾಸ ಮಾಡಿದ್ದೆ. ಅವತ್ತು ದೊಡ್ಡ ಅರ್ಥಧಾರಿಗಳಿಬ್ಬರು ಬಂದಿದ್ದರು. ಒಬ್ಬರ ಪೀಠಿಕೆಗೇ ಮುಕ್ಕಾಲು ತಾಸು. ಭಾಗವತರು ತಾಳ ಮುಟ್ಟಿದರೂ ಅವರು ನಿಲ್ಲಿಸಲಿಲ್ಲ, ಭಾಗವತರಿಗೂ ಅವರನ್ನು ನಿಲ್ಲಿಸುವ ಧೈರ್ಯ ಇರಲಿಲ್ಲ. ನಾನು ಮೂರೂವರೆ ತಾಸು ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಕಡೆಗೆ ಹೊತ್ತಾಯಿತು ಅಂತ ಅಂಗದನ ಪದ್ಯ ಬಿಟ್ಟು ಸೀದಾ ಮಂಗಳಕ್ಕೆ ಹೋದರು. ಕಾಲು ಜೋಮು ಹಿಡಿದು ಏಳಲಾಗದೆ ಕೂತಿದ್ದ ನನಗೆ ಯಾರೋ ಕಷಾಯ ತಂದುಕೊಟ್ಟು, "ಚಲೋ ಆತು" ಅಂದರು. ಏನು ಚಲೋ ಆಗಿದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಇನ್ನು ಆ ಮನೆಯ ಹೆಂಗಸರು? ಅವರು ಇಡೀ ಕಾಳಗವನ್ನು ಅಡುಗೆಮನೆ ಬಾಗಿಲ ಸಂದಿಯಿಂದ ಕೇಳಿದರು. ನನ್ನ ಅತ್ತೆಗೆ ಪ್ರಸಂಗದ ಪದ್ಯ ನನಗಿಂತ ಹತ್ತು ಪಟ್ಟು ಬಾಯಿಗೆ ಬರುತ್ತಿತ್ತು. ಈಗ ಹೆಂಗಸರ ತಾಳಮದ್ದಳೆ ಕೂಟಗಳು ನಮ್ಮ ಕಡೆ ಬೇಕಾದಷ್ಟಿವೆ, ಚೆನ್ನಾಗಿಯೂ ಮಾತಾಡುತ್ತಾರೆ. ಆದರೆ ಆಗ ತಾರೆಯ ಅರ್ಥ ಹೇಳುತ್ತಿದ್ದುದು ಕೂಡ ಮೀಸೆಯ ಒಬ್ಬ ಮಾಸ್ತರರು. ದಾಳ ಹಾಕಿ ಪಾಳಿ ನಿರ್ಧರಿಸಿದ್ದರೆ ನನಗೂ ಅತ್ತೆಗೂ ಒಂದೊಂದು ನಂಬರಾದರೂ ಸಿಗುತ್ತಿತ್ತು.

ಹಾಗಾಗಿ ದಾಳದ ಪಕ್ಷದವರೇ, ನಿಮ್ಮ ಒಂದು ಮಾತು ಒಪ್ಪಿದೆ. ದಾಳಕ್ಕೆ ಕಣ್ಣಿಲ್ಲ, ಅದು ಒಳ್ಳೆಯದು. ನನ್ನ ತಕರಾರು ಅದಕ್ಕೆ ಕಿವಿಯೂ ಇಲ್ಲ ಅನ್ನುವುದು. ಅನ್ಯಾಯ ಮಾಡುವ ಭಾಗವತನ ಭಯಕ್ಕೆ ಭಾಗವತನನ್ನೇ ತೆಗೆದು ಅವನ ಜಾಗದಲ್ಲಿ ಪ್ಲಾಸ್ಟಿಕ್ಕಿನ ತುಂಡು ಕೂರಿಸುವುದು ಹೇಡಿತನ. ಮತ್ತೆ, ಅದು ನ್ಯಾಯವನ್ನೂ ಪೂರ್ತಿ ಕೊಡುವುದಿಲ್ಲ. ನೂರಕ್ಕೆ ಇಪ್ಪತ್ತಾರರ ಲೆಕ್ಕ ಮೇಲೆ ಕೊಟ್ಟಿದ್ದೇನೆ. ನಿಮ್ಮ ಕುರುಡು ದಾಳಕ್ಕೆ ಚುರುಕಿನವನ ಕಡೆ ವಾಲುವ ಚಟ ಇದೆ.

ಹೊರಗಿನವರೂ ಸುಮ್ಮನೆ ಕೂತಿಲ್ಲ ಅನ್ನಿ. 2012ರಲ್ಲಿ ಬಂದ ಮಾರ್ವೆಲ್ ಹೀರೋಯಿಕ್ ಆಟದಲ್ಲಿ ಪಾಳಿ ಮುಗಿಸಿದವನೇ ಮುಂದಿನವನನ್ನು ಕರೆಯಬೇಕು. ಅದೇ ವರ್ಷದ ಡಂಜನ್ ವರ್ಲ್ಡ್‌ನಲ್ಲಿ ಪಾಳಿಯ ಪಟ್ಟಿಯೇ ಇಲ್ಲ, ಕತೆ ಯಾರ ಕಡೆ ತಿರುಗಿತೋ ಅವರು ಆಡಬೇಕು. 2025ರ ಡ್ಯಾಗರ್‌ಹಾರ್ಟ್ ಕೂಡ ಇನಿಶಿಯೇಟಿವ್ ಕೈಬಿಟ್ಟಿದೆ. ಮೊದಲನೆಯದನ್ನು ನಾವು ಎರಡು ತಿಂಗಳು ಆಡಿ ನೋಡಿದೆವು. ಅದರಲ್ಲೊಂದು ಕಳ್ಳದಾರಿ ಇದೆ. ಸುತ್ತಿನ ಕೊನೆಯವನು ಮುಂದಿನ ಸುತ್ತಿನ ಮೊದಲಿಗನನ್ನು ಆರಿಸುತ್ತಾನಲ್ಲ, ಕೊನೆಗೆ ಉಳಿದ ರಾಕ್ಷಸ ತನ್ನನ್ನೇ ಆರಿಸಿಕೊಂಡು ಎರಡು ಸಲ ಸತತವಾಗಿ ಹೊಡೆಯುತ್ತಾನೆ. ರೋಗ ಇದನ್ನು ಕಂಡುಹಿಡಿದು ನಮ್ಮ ಪರವಾಗಿಯೂ ಬಳಸಲು ಶುರು ಮಾಡಿದ. ಮತ್ತೆ ನಾಲ್ಕು ಜನ ಲೆಕ್ಕ ಹಾಕುತ್ತಾ ಕೂತರು, ಕತೆ ಹಿಂದೆ ಬಿತ್ತು.

ಈಗ ನಾವು ಆಡುವುದು ಹೀಗೆ. ಕಾದಾಟಕ್ಕೆ ಕಾರಣನಾದವನು ಮೊದಲು. ಕತ್ತಿ ಎಳೆದಿರಬಹುದು, ಬೈದಿರಬಹುದು. ಆಮೇಲೆ ಯಾರಿಗೆ ತಾಗಿತೋ ಅವರು. ಏಟೇ ತಾಗಬೇಕು ಅಂತಿಲ್ಲ, ಮಾತು ತಾಗಿದರೂ ಸಾಕು, ಗೆಳೆಯನಿಗೆ ಬಿದ್ದ ಏಟು ನನಗೆ ತಾಗಿತು ಅಂದರೂ ಸಾಕು, ಆದರೆ ಯಾಕೆ ತಾಗಿತು ಅಂತ ಹೇಳಬೇಕು. ಇಬ್ಬರು ಮೂವರಿಗೆ ತಾಗಿದ್ದರೆ ಡಿಎಂ ಪದ್ಯ ಎತ್ತುತ್ತಾನೆ, ಹೊಸ ಸುತ್ತು ಯಾರಿಂದ ಅನ್ನುವುದನ್ನೂ ಅವನೇ ಹೇಳುತ್ತಾನೆ. ಉದ್ದ ಎಳೆಯುವವರಿಗೆ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಾನೆ. ಚಮಚ ಬಡಿದ ಮೇಲೆ ರೋಗನಾದರೂ ಸರಿ, ನಿಲ್ಲಿಸಬೇಕು.

ಇನ್ನು ಅವಳ ತಕರಾರಿಗೆ? ಅದಕ್ಕೆ ಪರಿಹಾರ ಅವಳೇ ಹಾಕಿದಳು, ಟೆಸ್ಟಿಂಗ್‌ನವಳಲ್ಲವಾ. ಒಂದು ಚೀಟಿ. ಅದರಲ್ಲಿ ಎಲ್ಲರ ಹೆಸರು. ಪಾಳಿ ಆದವರ ಮುಂದೆ ಟಿಕ್. ಎಲ್ಲರಿಗೂ ಟಿಕ್ ಬೀಳುವ ತನಕ ಯಾರಿಗೂ ಎರಡನೇ ಪಾಳಿ ಇಲ್ಲ, ಡಿಎಂ ಏನೇ ಹೇಳಲಿ. ಚೀಟಿ ಅವಳ ಹತ್ತಿರ ಇರುತ್ತದೆ. ಯಲ್ಲಾಪುರದ ಆ ರಾತ್ರಿ ಇಂಥದ್ದೊಂದು ಚೀಟಿ ಇದ್ದಿದ್ದರೆ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ. ಈ ಪದ್ಧತಿಯಲ್ಲಿ ಆಟ ವೇಗ ಆಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ಸುತ್ತಿಗೆ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ, ಕೆಲವು ಸಲ ಹೆಚ್ಚು. ಆದರೆ ಫೋನು ಹೊರಗೆ ಬರುವುದು ನಿಂತಿದೆ. ಯಾವ ಕ್ಷಣದಲ್ಲಿ ಏನು ತಾಗುತ್ತದೋ ಯಾರಿಗೆ ಗೊತ್ತು.

ಕೊನೆಗೊಂದು ನಿಯಮ ಸೇರಿಸಿದ್ದೇವೆ. ವಾಲಿ ನಿಯಮ ಅಂತ ಹೆಸರು. ಪ್ರಾಣದ ಅಂಕ ಸೊನ್ನೆಗೆ ಬಂದವನು ಸಾವಿನ ದಾಳ ಮುಟ್ಟುವ ಮೊದಲು ಎರಡು ನಿಮಿಷ ಮಾತಾಡಬಹುದು. ಬೀಳಿಸಿದವನು ಉತ್ತರ ಕೊಡಲೇಬೇಕು. ರಾಕ್ಷಸ ಬಿದ್ದರೂ ಇದೇ, ಆಟಗಾರ ಬಿದ್ದರೂ ಇದೇ.

ಹೋದ ಡಿಸೆಂಬರಿನಲ್ಲಿ ಗುಂಪನ್ನೆಲ್ಲ ಶಿರಸಿಗೆ ಕರಕೊಂಡು ಹೋಗಿದ್ದೆ. ರಾತ್ರಿ ಬಸ್ಸು, ಬೆಳಿಗ್ಗೆ ಮಾರಿಕಾಂಬಾ ಗುಡಿ, ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ, ಸಂಜೆಯಿಂದ ಬಾಡಿಗೆ ಮನೆಯ ಮಾಳಿಗೆಯಲ್ಲಿ ಆಟ. ದೊಡ್ಡಪ್ಪನೂ ಯಾವುದೋ ಕೆಲಸಕ್ಕೆ ಸಿದ್ದಾಪುರದಿಂದ ಬಂದಿದ್ದವನು ಸ್ವಲ್ಪ ಹೊತ್ತು ನೋಡುತ್ತೇನೆ ಅಂತ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡ. ಒಂದು ಸೇತುವೆ ಕಾಯುವ ಓಗರ್‌ಗಳ ನಾಯಕನ ಜೊತೆ ಕಾದಾಟ. ಎಂಟೂವರೆಗೆ ಕರೆಂಟು ಹೋಯಿತು, ಮೇಣದ ಬತ್ತಿ ಹಚ್ಚಿದೆವು. ಎರಡನೇ ಸುತ್ತಿನಲ್ಲಿ ನಾಯಕನ ದೊಣ್ಣೆ ಬಿದ್ದು ಅವಳ ಡ್ವಾರ್ಫ್ ಸೊನ್ನೆಗೆ ಬಂದ.

ಎಂದಿನಂತೆ ಅವಳು ದಾಳಕ್ಕೆ ಕೈ ಹಾಕುತ್ತಾಳೆ ಅಂದುಕೊಂಡೆ. ಅವಳು ಚೀಟಿ ಕೆಳಗಿಟ್ಟಳು.

"ನೆನ್ನೆ ರಾತ್ರಿ ನಾನು ನಿನ್ನ ಬೆಂಕಿ ಹತ್ರ ಕೂತಿದ್ದೆ," ಅಂದಳು ಓಗರ್ ನಾಯಕನಿಗೆ, ಅಂದ್ರೆ ಡಿಎಂ ಮುಖ ನೋಡಿ. "ನಿನ್ನ ರೊಟ್ಟಿ ತಿಂದೆ. ನನ್ನ ಉಪ್ಪು ನಿಂಗೆ ಕೊಟ್ಟೆ. ಹೊಡೆಯೋದೇ ಆಗಿದ್ರೆ ಆಗ ನಾನು ಎದುರಿಗೇ ಇದ್ದೆ, ಕವಚನೂ ಬಿಚ್ಚಿಟ್ಟಿದ್ದೆ. ಬೆಳಗಾಗೋ ತನಕ ಯಾಕೆ ಕಾದೆ?"

ಡಿಎಂ ಪುಸ್ತಕ ತೆರೆದ. ಓಗರ್‌ನ ಪುಟದಲ್ಲಿ ದೊಣ್ಣೆಯ ಏಟಿಗೆ ಎಷ್ಟು ದಾಳ ಅಂತ ಇದೆ, ಇದಕ್ಕೆ ಉತ್ತರ ಇಲ್ಲ. ಪುಸ್ತಕ ಮುಚ್ಚಿದ. ಮೂಲೆಯಿಂದ ದೊಡ್ಡಪ್ಪ ಬಾಯಲ್ಲಿದ್ದ ಕವಳ ಉಗಿದು ಬಂದು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ. ಡಿಎಂ, ಒಂದು ಟೀ ಬ್ರೇಕ್ ತಗೊಳ್ಳೋಣ್ವಾ ಅಂದ. ಟೀ ಆಯಿತು, ಕರೆಂಟೂ ಬಂತು, ಉತ್ತರ ಬರಲಿಲ್ಲ. ಮುಂದಿನ ಶನಿವಾರ ಹೇಳ್ತೀನಿ ಅಂದಿದ್ದಾನೆ. ಈಗ ಮೂರು ಶನಿವಾರ ಆಯಿತು; ಡ್ವಾರ್ಫ್ ಸೇತುವೆಯ ಮೇಲೆ ಹಾಗೇ ಬಿದ್ದಿದ್ದಾನೆ, ಸಾವಿನ ದಾಳ ಇನ್ನೂ ಹಾಕಿಲ್ಲ. ಗುಂಪಿನ ವಾಟ್ಸಾಪಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಒಮ್ಮೊಮ್ಮೆ ಡಿಎಂ ಹೆಸರಿನ ಕೆಳಗೆ '...ಟೈಪಿಂಗ್' ಅಂತ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ದೊಡ್ಡಪ್ಪನೂ ಎರಡು ಸಲ ಫೋನ್ ಮಾಡಿ ಕೇಳಿದ, ಅಂವ ಎಂತ ಹೇಳಿದ್ನ ಅಂತ.